ಸದ್ದುನುಂಗನ ಮುಖ

೪ ನವೆಂಬರ್, ಸೋಮವಾರ

ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆದಿಟ್ಟೆ. ಇವತ್ತೂ ಬೋರ್ಡ್ ಕೆಲಸ ಇಲ್ಲ. ತೀರ್ಥಹಳ್ಳಿ ಪೂರ್ತಿ ಫ್ಲೆಕ್ಸ್ ಆಗಿದೆ.

ಮಧ್ಯಾಹ್ನ ಹೊಸನಗರದಿಂದ ಲಿಖಿತಾ ಬಂದಳು. ಅಕ್ಕನ ಮಗಳು, ಟೀಚರ್. ಮಕ್ಕಳಿಗೆ ಒಂದು ಕಾದಂಬರಿ ಬರೆದಿದ್ದಾಳೆ — ಕವಲೇದುರ್ಗದ ಕೊಳದಲ್ಲಿರುವ ಸದ್ದುನುಂಗ ಎಂಬ ಪ್ರಾಣಿಯ ಕಥೆ. ಸಾಗರದ ಪ್ರೆಸ್ಸಿಗೆ ೨೫ರೊಳಗೆ ಮುಖಪುಟ ಬೇಕಂತೆ. ಇಲ್ಲದಿದ್ದರೆ ಅಲ್ಲಿಯ ಕಂಪ್ಯೂಟರಿನವನೇ ಏನಾದರೊಂದು ಹಾಕುತ್ತಾನೆ.

"ಮಾವ, ನೀವೇ ಬರೀರಿ. ಆದ್ರೆ ಮೊದ್ಲು ಓದಿ."

"ಅಕ್ಕಿ ಅಂಗಡಿಗೆ ಬೋರ್ಡ್ ಬರಿಯಕ್ಕೆ ಅಂಗಡಿ ಅಕ್ಕೀನೆಲ್ಲಾ ಉಣ್ಬೇಕೇನೇ?" ಎಂದೆ.

ಪುಸ್ತಕದ ಬೆನ್ನಿಗೆ ನನ್ನ ಹೆಸರೂ ಬರುತ್ತದಂತೆ. ನಾನು ಬರೆದ ಬೋರ್ಡುಗಳಲ್ಲಿ ಅರ್ಧ ಮಳೆಗೆ ಹೋಯಿತು, ಇನ್ನರ್ಧ ಫ್ಲೆಕ್ಸಿನ ಹಿಂದೆ ಹೋಯಿತು. ಪುಸ್ತಕ ಹಾಗಲ್ಲ... ಇರುತ್ತದೆ.

೬ ನವೆಂಬರ್

ಮುಗಿಯಿತು! ಕೊಂಬು, ಕೋರೆ, ಕೆಂಡದ ಕಣ್ಣು. ಎದುರಿಗೆ ಕತ್ತಿ ಹಿಡಿದ ಹುಡುಗ. ಈ ಸೀಮೆಯ ಹೊಸಮನೆಗಳ ದೃಷ್ಟಿಬೊಂಬೆಗಳೆಲ್ಲ ನನ್ನ ಕೈಯವೇ — ಇದು ಅವಕ್ಕೆಲ್ಲ ಅಪ್ಪ. ಒಣಗಲು ಹೊರಗಿಟ್ಟಿದ್ದೆ. ಪಕ್ಕದ ಜಿನರಾಜರ ಅಂಗಡಿಯ ಬೆಕ್ಕು ಹಾದಿ ಬದಲಿಸಿ ಹೋಯಿತು. ಅದಕ್ಕಿಂತ ಸರ್ಟಿಫಿಕೇಟ್ ಬೇಕೆ?

೯ ನವೆಂಬರ್, ಶನಿವಾರ

ಲಿಖಿತಾ ನೋಡಿದಳು. ನಕ್ಕಳು. ಆಮೇಲೆ ನಗಲಿಲ್ಲ.

"ಮಾವ, ಕತೇಲಿ ಅದ್ರ ಮುಖ ಯಾರೂ ನೋಡಿಲ್ಲ. ಕತ್ತಿನೂ ಇಲ್ಲ. ಇರೋದು ಹುಡುಗಿ."

"ಒಳಗೆ ಎಂತ ಇದ್ರೆ ಎಂತ? ಹೊರಗೆ ಕಣ್ಣಿಗೆ ಹೊಡೀಬೇಕು."

"ದೃಷ್ಟಿಬೊಂಬೆ ಕಟ್ಟೋದು ಜನ ಅದನ್ನ ನೋಡಿ ಮುಂದೆ ಹೋಗ್ಲಿ ಅಂತ. ಪುಸ್ತಕಕ್ಕೆ ಜನ ಒಳಗೆ ಬರ್ಬೇಕು ಮಾರಾಯ್ರೆ!"

ಕೆಮ್ಮಿದೆ. ಜಿನರಾಜರ ಮಗಳು ಶ್ರದ್ಧಾ ಓದಿ ತೀರ್ಮಾನ ಹೇಳಲಿ ಎಂದಾಯಿತು. ಐದನೇ ಕ್ಲಾಸಿನವಳು. ಗೆದ್ದೆ ಬಿಡು.

೧೨ ನವೆಂಬರ್

ಶ್ರದ್ಧಾ ಅಂಗಡಿ ಮೆಟ್ಟಿಲ ಮೇಲೆ ಕೂತು ಓದಿ ಮುಗಿಸಿದಳು. ಕಥೆಯ ಹಾಳೆಗಳ ಮೇಲೆ ನನ್ನ ಚಿತ್ರವನ್ನೇ ಪಿನ್ ಮಾಡಿದ್ದೆ. ಪ್ರತಿ ಅಧ್ಯಾಯಕ್ಕೂ ಚಿತ್ರ ತಿರುಗಿಸಿ ನೋಡುವಳು, ಮತ್ತೆ ಓದುವಳು. ಕೊನೆಯ ಹಾಳೆಯ ಹಿಂದುಗಡೆಯೂ ಹುಡುಕಿದಳು.

"ಪೇಂಟರ್ ಮಾವ, ಈ ಕೊಂಬಿನವ್ನು ಬರ್ಲೇ ಇಲ್ಲ. ಇವ್ನನ್ನೇ ಕಾಯ್ತಾ ಕಾಯ್ತಾ ಕತೆ ಮುಗ್ದೇ ಹೋಯ್ತು. ಸುಳ್ಳು ಬರ್ದಿದೀರಿ."

ಲಿಖಿತಾಗೆ ಫೋನ್ ಮಾಡಿದೆ — ನನ್ನವನು ಬರುವ ಹಾಗೆ ಒಂದು ಅಧ್ಯಾಯ ಸೇರಿಸಿಬಿಡು, ಸುಲಭ.

"ನಿಮ್ಮ ದೃಷ್ಟಿ ಕುಂಬಳಕಾಯಿಗೆ ನಾನು ಅಧ್ಯಾಯ ಬರೀಬೇಕಾ? ಬೇಡ ಮಾವ. ಸಾಗರದವ್ರಿಗೇ ಹೇಳ್ತೀನಿ."

"ತಡಿಯೇ. ೨೫ರ ತನಕ ತಡಿ."



೧೩ ನವೆಂಬರ್

ಶ್ರದ್ಧಾಗೆ ಚಿಕ್ಕಿ ಕೊಟ್ಟು ಕಥೆ ಓದಿಸಿಕೊಂಡೆ. ಕನ್ನಡಕ ಸಿಗುತ್ತಿಲ್ಲ ಎಂದು ಹೇಳಿದ್ದೆ. ಕನ್ನಡಕ ಜೇಬಿನಲ್ಲೇ ಇತ್ತು.

ಸದ್ದುನುಂಗ ಬಂದಲ್ಲಿ ದನದ ಗಂಟೆ ಅಲ್ಲಾಡುತ್ತದೆ, ಕೇಳುವುದಿಲ್ಲ. ಅಜ್ಜಿ ಹಾಡುತ್ತಾಳೆ, ತುಟಿ ಮಾತ್ರ ಕಾಣುತ್ತದೆ. ಪಾಪದ ಪ್ರಾಣಿ — ತನ್ನದೇ ಸದ್ದು ಇಲ್ಲ, ಅದಕ್ಕೇ ಊರಿನವರದು ನುಂಗುತ್ತದೆ. ಕೊನೆಗೆ ಹುಡುಗಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾಳೆ. ಆಮೇಲೆ ಅವಳನ್ನು ಯಾರೂ ಕರೆಯಲಾರರು. ಅದು ಮಾತ್ರ ಕೊಳದೊಳಗಿಂದ ಕರೆಯುತ್ತದೆ.

ನನ್ನ ಕೋರೆಹಲ್ಲಿನವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

೧೭ ನವೆಂಬರ್, ಭಾನುವಾರ. ಕವಲೇದುರ್ಗ

ಮೊದಲ ಬಸ್ಸಿಗೇ ಬಂದೆ. ಕೊಳದ ಮೇಲೆ ಮಂಜು, ಹಾಲಿನ ಕೆನೆಯಂತೆ. ಯಾವುದು ನೀರು ಯಾವುದು ಗಾಳಿ ತಿಳಿಯದು. ಕೂತೇ ಇದ್ದೆ. ಕೆಳಗೆ ಯಾರೋ ದನಗಳನ್ನು ಕೂಗಿ ಕರೆಯುತ್ತಿದ್ದರು... ಕೂಗು ಅರ್ಧ ಗುಡ್ಡ ಹತ್ತಿ ನಿಂತಿತು. ನಿದ್ದೆಯೋ ಎಚ್ಚರವೋ. ಮಂಜು ಕೊಂಚ ಸರಿದಾಗ ಕಲ್ಲು ಎಸೆದೆ. ಉಂಗುರ ಉಂಗುರವಾಗಿ ಅಲೆ ಹೊರಟಿತು. ಒಂದು ಜಾಗದಲ್ಲಿ — ದೇವರಾಣೆ — ಅಲೆ ಇಲ್ಲ. ಯಾರೋ ಅಲ್ಲಿ ಬಾಯಿಟ್ಟು ಕುಡಿದ ಹಾಗೆ.

ಎರಡನೇ ಕಲ್ಲು ಎಸೆಯಲು ಮನಸ್ಸಾಗಲಿಲ್ಲ.

೨೩ ನವೆಂಬರ್

ಬರೆದೆ, ಹರಿದೆ, ಬರೆದೆ. ದಡದಲ್ಲಿ ಹುಡುಗಿ, ಬಾಯಿ ತೆರೆದಿದ್ದಾಳೆ. ಬಾಯಿಂದ ನೀರಿನ ಮೇಲಕ್ಕೆ ಅಲೆಗಳು. ಒಂದು ಕಡೆ ಬಿಳಿ ಹಾಗೇ ಬಿಟ್ಟಿದ್ದೇನೆ. ಜೀವಮಾನದಲ್ಲಿ ಜಾಗ ಖಾಲಿ ಬಿಟ್ಟವನಲ್ಲ. ಕೈ ತುರಿಸುತ್ತಿದೆ. ಒಂದೇ ಒಂದು ಸಣ್ಣ ಕೊಂಬು?... ಬೇಡ.

೨೪, ಭಾನುವಾರ, ಬೆಳಿಗ್ಗೆ ಹತ್ತು

ಲಿಖಿತಾ ಬಂದಿದ್ದಾಳೆ. ಚಿತ್ರ ನೋಡಿದಳು. "ಶ್ರದ್ಧಾನೇ ಹೇಳ್ಲಿ" ಎಂದಳು ಅಷ್ಟೇ. ಒಪ್ಪದಿದ್ದರೆ ನಾಳೆ ಸಾಗರದವನ ಚಿತ್ರ. ನಾನು ಏನೋ ಬರೆಯುವ ನೆಪದಲ್ಲಿ ತಲೆ ಬಗ್ಗಿಸಿ ಕೂತಿದ್ದೇನೆ.

ಶ್ರದ್ಧಾ ಬಂದಳು. ನೋಡುತ್ತಿದ್ದಾಳೆ. 'ಅವನು ಎಲ್ಲಿ' ಎಂದು ಕೇಳಲಿಲ್ಲ. ಬಿಳಿ ಜಾಗದ ಹತ್ತಿರ ಬೆರಳು ಒಯ್ದಳು, ಮುಟ್ಟಲಿಲ್ಲ. ಮೊಣಕಾಲೂರಿ ಕೂತಳು. ಕಿವಿಯನ್ನೇ ತಂದಳು ಹತ್ತಿರ. ಲಿಖಿತಾ ಏನೋ ಹೇಳಹೋದಳು, ಹುಡುಗಿ ಕೈ ಎತ್ತಿ ತಡೆದಳು.

ಪೇಟೆಯ ಬಸ್ಸಿನ ಹಾರನ್ನೂ ನಿಂತ ಹಾಗಿದೆ. ಈಗ ಶ್ರದ್ಧಾಳ ತುಟಿ ಅಲ್ಲಾಡುತ್ತಿದೆ, ನನಗೆ ಏನೂ ಕೇಳಿಸು —