ಹೆಗಲಿಳಿಸುವ ದಿಬ್ಬ

ಎಲ್ ಓರ್ನಿತೊ, ನ್ಯೂ ಮೆಕ್ಸಿಕೊ
೧೧ ಮಾರ್ಚ್ ೧೯೮೩, ಶುಕ್ರವಾರ

ಪ್ರೀತಿಯ ಅಕ್ಕ ಒತಿಲಿಯಾಗೆ, ಮಾತೆ ಮರಿಯಳ ಸೆರಗಿನ ನೆರಳು ನಿನ್ನ ಮೇಲಿರಲಿ ಎಂದು ಬೇಡಿಕೊಂಡು ನಿನ್ನ ತಂಗಿ ಡೆಲ್ಫಿನಾ ಬರೆಯುವುದು.

ಇವತ್ತು ತಪಸ್ಸು ಕಾಲದ ಶುಕ್ರವಾರ, ಉಪವಾಸ. ಎದ್ದು ಒಲೆಯ ಬೂದಿ ತೆಗೆದೆ, ಮೇಕೆ ಹಾಲು ಕರೆದೆ, ರಾತ್ರಿ ಬಿದ್ದ ಹಿಮವನ್ನು ಬಾಗಿಲಿಂದ ಗುಡಿಸಿದೆ, ಕಾಳು ಆರಿಸಿ ನೆನೆಹಾಕಿ ಈಗ ಕೂತಿದ್ದೇನೆ. ನಮ್ಮವರು ಒಳಗೆ ಮಲಗಿದ್ದಾರೆ. ಕೆಮ್ಮು ಸ್ವಲ್ಪ ಜಾಸ್ತಿ, ಗಣಿಯಲ್ಲಿ ದುಡಿದವರಿಗೆಲ್ಲ ಇರುವಂಥದ್ದೇ. ನೀನು ಹೇಗಿದ್ದೀ? ನಿನ್ನ ಪ್ವೆಬ್ಲೊ ಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆಯ ಹೊಗೆಗೆ ಒಗೆದ ಬಟ್ಟೆಯೂ ಕಪ್ಪಾಗುತ್ತದೆ ಎಂದು ಪಕ್ಕದ ಮನೆಯ ಮೆಲೀತೊನ್ ಹೇಳುತ್ತಿದ್ದ.

ಅಕ್ಕ, ಸುತ್ತಿಬಳಸಿ ಬರೆಯುವುದು ನನಗೆ ಬರುವುದಿಲ್ಲ. ಅಪ್ಪ ನಿನ್ನ ಪಾಲಿಗೆ ಬಿಟ್ಟ ಮೇಲಿನ ಹೊಲದ ಅಂಚಿನಲ್ಲಿ ಹೆಗಲಿಳಿಸುವ ದಿಬ್ಬ ಇದೆಯಲ್ಲ, ಬರುವ ಬೇಸಿಗೆಗೆ ಅಲ್ಲಿನ ದಾರಿಯನ್ನು ಅಗಲ ಮಾಡುತ್ತಾರಂತೆ. ಕಲ್ಲುಗಳೆಲ್ಲ ಡಾಂಬರಿನ ಕೆಳಗೆ ಹೋಗುತ್ತವೆ. ಜಿಲ್ಲೆಯ ಇತಿಹಾಸ ಸಮಿತಿಯವರು ಅಲ್ಲೊಂದು ಸ್ಮಾರಕ ಫಲಕ ನೆಟ್ಟರೆ ಮಾತ್ರ ರಸ್ತೆ ಕಾಲುವೆಯ ಕಡೆಗೆ ಬಾಗಿಕೊಂಡು ಹೋಗುತ್ತದೆ. ಊರವರೆಲ್ಲ ಸೇರಿ ಕೇಳಿಕೊಂಡಿದ್ದೇವೆ. ಆದರೆ ನೆಲ ನಿನ್ನದು. ನೀನು ಒಪ್ಪದೆ ಸಮಿತಿಯವರು ಫಲಕ ನೆಡುವುದಿಲ್ಲ. ತಪಸ್ಸು ಕಾಲ ಮುಗಿದು ಪಾಸ್ಕ ಹಬ್ಬ ಬರುವುದರೊಳಗೆ ನಿನ್ನ ಒಪ್ಪಿಗೆ ಬೇಕು.

ಆ ದಿಬ್ಬದ ಹೆಸರೆತ್ತಿದರೆ ನಿನಗೆ ಏನಾಗುತ್ತದೆ ಎಂದು ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಹೋದ ಭಾನುವಾರ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಸಮಿತಿಯ ಮಿಸ್ ಪ್ರೂಯಿಟ್ ಎಂಬಾಕೆ ಬಂದಳು. ಒಳ್ಳೆಯ ಹೆಣ್ಣುಮಗಳೇ, ಆದರೆ ಹಿಮದಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ. ಎಲ್ಲರನ್ನೂ ದಿಬ್ಬದ ಹತ್ತಿರ ನಿಲ್ಲಿಸಿಕೊಂಡು, ಇಲ್ಲಿ ಯಾವ ದೊಡ್ಡ ಮನುಷ್ಯರನ್ನು ಹೂತಿದ್ದೀರಿ ಎಂದು ಕೇಳಿದಳು. ಮೆಲೀತೊನ್ ಗೊತ್ತಲ್ಲ ನಿನಗೆ, ಬಾಯಿ ಸುಮ್ಮನಿರದು. "ಯಾರನ್ನೂ ಇಲ್ಲ ತಾಯಿ. ಇಲ್ಲಿ ನಾವು ಸುಸ್ತಾಗ್ತೀವಿ, ಅಷ್ಟೇ," ಅಂದ. ಸುಸ್ತಾಗೋದಕ್ಕೆಲ್ಲ ಫಲಕ ನೆಡೋಕಾಗುತ್ತಾ ಎಂದು ಆಕೆ ನಕ್ಕಳು. "ನಮ್ಮ ಅತ್ತೇನ ಹೊತ್ಕೊಂಡು ಈ ಏರು ಹತ್ತಿದ್ರೆ ನೀವು ಹೀಗನ್ತಿರ್ಲಿಲ್ಲ. ಬದುಕಿದ್ದಾಗ್ಲೂ ಒಂದು ಮಾತು ಕೇಳಿದೋಳಲ್ಲ, ಸತ್ಮೇಲೂ ಹಗುರ ಆಗ್ಲಿಲ್ಲ ಮಾರಾಯ್ತಿ," ಅಂದ. ಅವನ ಹೆಂಡತಿ, "ನಿನ್ನ ಹೊರೋರಿಗೆ ಭಾರ ಇರಲ್ಲ ಬಿಡು, ಬರೀ ಗಾಳಿ," ಎಂದಳು. ಎಷ್ಟೋ ದಿನಕ್ಕೆ ಊರು ಒಟ್ಟಿಗೆ ನಕ್ಕಿತು.

ಆಮೇಲೆ ಅವಳಿಗೆ ಬಿಡಿಸಿ ಹೇಳಿದೆವು. ಇಗರ್ಜಿಯಿಂದ ಸಮಾಧಿ ಭೂಮಿಗೆ ಹೋಗುವಾಗ ಶವದ ಪೆಟ್ಟಿಗೆಯನ್ನು ಈ ದಿಬ್ಬದ ಮೇಲೆ ಇಳಿಸುತ್ತೇವೆ, ಆತ್ಮಕ್ಕಾಗಿ ಒಂದು ಪ್ರಾರ್ಥನೆ, ಹೆಗಲು ಬದಲಾಗುತ್ತದೆ, ಅಲ್ಲಿಯವರೆಗೆ ಹೊತ್ತು ತಂದವರು ಒಬ್ಬೊಬ್ಬರೂ ಒಂದು ಕಲ್ಲು ಇಟ್ಟು ಹೋಗುತ್ತಾರೆ ಎಂದು. ಅಜ್ಜನದು ಇಲ್ಲಿದೆ, ಅಮ್ಮನದು ಇಲ್ಲಿದೆ ಎಂದು ತೋರಿಸಿದೆ. ಅವಳು ಚಪ್ಪಲಿ ಒದ್ದೆಯಾದದ್ದನ್ನೂ ಮರೆತು ಕೇಳಿಸಿಕೊಂಡಳು. ಫಲಕದಲ್ಲಿ ಎಲ್ಲರ ಹೆಸರೂ ಹಾಕೋಣವೇ ಎಂದಳು. ಆಗ ಯಾರೂ ನಗಲಿಲ್ಲ. "ಹೆಸರು ಬೇಡ ತಾಯಿ. ಹಾಕಿದ್ರೆ ಒಬ್ಬಂದು ಬಿಟ್ಟೋಗುತ್ತೆ," ಎಂದ ಮೆಲೀತೊನ್.

ಅವನು ಹಾಗೆಂದದ್ದು ನಿನ್ನ ಅನ್ಸೆಲ್ಮೊನನ್ನು ನೆನೆದು. ಊರು ಅವನನ್ನು ಮರೆತಿಲ್ಲ ಅಕ್ಕ.

ನನ್ನ ಕಣ್ಣಿಗೂ ಅದು ನಿನ್ನೆ ಆದ ಹಾಗಿದೆ. ವಿಯೆಟ್ನಾಮಿನ ಯುದ್ಧದಿಂದ ನಿನ್ನ ಮಗ ಮುಚ್ಚಿದ ಲೋಹದ ಪೆಟ್ಟಿಗೆಯಲ್ಲಿ ಬಂದ. ಸೈನ್ಯದವರು ಯಾರ ಹೆಗಲಿಗೂ ಕೊಡಲಿಲ್ಲ, ಇಗರ್ಜಿಯಿಂದ ಸಮಾಧಿಗೆ ಕಪ್ಪು ಕಾರಿನಲ್ಲೇ ಒಯ್ದರು. ಸಾವಿನ ಮೆರವಣಿಗೆ ನಡೆಸುವ ಸಹೋದರರ ಸಂಘದ ಹಿರಿಯಣ್ಣನಾಗಿ ನಮ್ಮವರು ಶಿಲುಬೆ ಹಿಡಿದು ಕಾರಿನ ಮುಂದೆ ನಡೆಯುತ್ತಿದ್ದರು. ದಿಬ್ಬ ಬಂತು. ಅವರು ಒಂದು ಕೈ ಎತ್ತಿದ್ದರೆ ಕಾರು ನಿಲ್ಲುತ್ತಿತ್ತು. ಎತ್ತಲಿಲ್ಲ. ನೀನು ಹಿಂದಿನಿಂದ ಓಡಿಬಂದು ಕಾರಿನ ಗಾಜು ಬಡಿದೆ, "ನಿಲ್ಸಿ, ನನ್ನ ಮಗ ದಣಿದಿದಾನೆ, ಇಳಿಸ್ರೋ," ಎಂದು ಕೂಗಿದೆ. ನಮ್ಮವರು ತಿರುಗಿ ನೋಡದೆ ನಡೆದರು. ಹೊತ್ತ ಹೆಗಲೇ ಇಲ್ಲದ ಮೇಲೆ ಇಳಿಸುವುದು ಏನನ್ನು, ಕಲ್ಲು ಇಡುವವರು ಯಾರು, ಇಲ್ಲದ ದಣಿವನ್ನು ದೇವರ ಮುಂದೆ ನಟಿಸಬಾರದು ಎಂದು ಆಮೇಲೆ ನನಗೆ ಹೇಳಿದರು. ಅವರಿಗೆ ನಿಯಮ ಎಂದರೆ ನಿಯಮ. ನೀನು ಮಣ್ಣು ಹಾಕಿದವಳು ಮನೆಗೂ ಬರದೆ ಹಾಗೇ ಬಸ್ಸು ಹತ್ತಿದೆ. ಅಮ್ಮನ ಸಾವಿಗೂ ಬರಲಿಲ್ಲ. ನಿನ್ನನ್ನು ನಾನು ದೂರುತ್ತಿಲ್ಲ.

ಭಾನುವಾರ ಆದದ್ದನ್ನು ಪೂರ್ತಿ ಹೇಳುತ್ತೇನೆ. ಮಿಸ್ ಪ್ರೂಯಿಟ್ ಹೋಗುವ ಮೊದಲು ಒಂದು ಮಾತು ಕೇಳಿದಳು, ಫಲಕದಲ್ಲಿ ಸರಿಯಾಗಿ ಬರೆಯಬೇಕಲ್ಲ ಎಂದು. ಇಲ್ಲಿ ಇಳಿಸುವುದು ಹೊತ್ತವರು ದಣಿವಾರಿಸಿಕೊಳ್ಳಲಿ ಎಂದೋ, ಸತ್ತವರು ದಣಿವಾರಿಸಿಕೊಳ್ಳಲಿ ಎಂದೋ? ಇದೆಂಥ ಪ್ರಶ್ನೆ ಎಂದು ಮೆಲೀತೊನ್ ಶುರು ಮಾಡಿದ. ನಮ್ಮವರು ಕಂಬಳಿ ಹೊದ್ದು ಅವನ ಟ್ರಕ್ಕಿನಲ್ಲೇ ಕೂತಿದ್ದರು. ಬಾಗಿಲು ತೆಗೆದು ಇಳಿದರು. ನಿಲ್ಲಲು ನನ್ನ ಹೆಗಲು ಬೇಕಾಯಿತು.

"ಸತ್ತೋರಿಗೆ," ಎಂದರು. "ಬರ್ಕೊಳ್ಳಮ್ಮ. ಸತ್ತೋರಿಗೆ."

ಉಸಿರು ಸುಧಾರಿಸಿಕೊಂಡು ಮತ್ತೆ, "ನಾನು ತಪ್ಪು ತಿಳ್ಕೊಂಡಿದ್ದೆ. ಲೋಕದ ಆ ತುದಿಯಿಂದ ಬಂದಿದ್ದ ಹುಡುಗ, ದಣಿದಿರ್ಲಿಲ್ವಾ ಅವನು? ಹೆತ್ತೋಳು ಹೇಳ್ತಿದ್ಲು, ಕೇಳ್ಲಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ. ನಾನು ಸತ್ತಾಗ ನನ್ನ ಇಲ್ಲಿ ಇಳಿಸಬೇಡಿ. ನೆಟ್ಟಗೆ ಹೊತ್ಕೊಂಡು ಹೋಗಿ," ಎಂದರು. ಮೆಲೀತೊನ್ ತಮಾಷೆ ಮಾಡಿ ಹಾರಿಸಲು ನೋಡಿದ, "ನಮ್ಮ ಹೆಗಲಿನ ಗತಿ ಏನೋ ಉಬಾಲ್ದೊ?" ಎಂದ. "ನೋಯ್ಲಿ," ಎಂದರು ನಮ್ಮವರು. ಅಷ್ಟೇ. ಮನೆಗೆ ಕರೆತಂದು ಮಲಗಿಸಿದೆ.

ಅವರನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಅದು ನಿನಗೂ ದೇವರಿಗೂ ಬಿಟ್ಟದ್ದು. ನಿನ್ನ ಮಗನಿಗೆ ಒದಗಿ ಬರದ ದಿಬ್ಬ ಡಾಂಬರಿನಡಿ ಹೋದರೆ ಹೋಗಲಿ ಎಂದು ನೀನು ಅಂದರೂ ನಾನು ಬಾಯಿ ತೆರೆಯುವುದಿಲ್ಲ. ಆದರೆ ಅಮ್ಮನ ಕಲ್ಲುಗಳ ಮೇಲೆ ಲಾರಿ ಓಡುವುದನ್ನು ನೆನೆದರೆ ರಾತ್ರಿ ಎದ್ದು ಕೂರುತ್ತೇನೆ. ಫಲಕದಲ್ಲಿ ಏನು ಬರೆಯಬೇಕೆಂದು ಊರವರು ತೀರ್ಮಾನಿಸಿದ್ದು ಇಷ್ಟೇ: ಸಮಾಧಿಗೆ ಹೋಗುವ ಸತ್ತವರು ಇಲ್ಲಿ ದಣಿವಾರಿಸಿಕೊಳ್ಳುತ್ತಾರೆ. ನಿನಗೆ ಸರಿ ಕಂಡರೆ ಒಪ್ಪಿಗೆ ಕೊಡು.

ನಿನ್ನ ತಂಗಿ
ಡೆಲ್ಫಿನಾ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ಅವರದು ಬರೀ ಕೆಮ್ಮಲ್ಲ. ಇನ್ನು ಮಾಡುವುದೇನಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ. ಬುಧವಾರದಿಂದ ಜೋಳದ ಗಂಜಿಯ ನೀರು ಬಿಟ್ಟು ಏನೂ ಇಳಿಯುತ್ತಿಲ್ಲ. ಸಂಘದವರು ಹಿತ್ತಲಲ್ಲಿ ಪೆಟ್ಟಿಗೆಗೆ ಹಲಗೆ ಹೆರೆಯುತ್ತಿದ್ದಾರೆ, ಇದನ್ನು ಬರೆಯುವಾಗಲೂ ಸದ್ದು ಕೇಳುತ್ತಿದೆ, ಅವರಿಗೂ ಕೇಳಿಸುತ್ತಿರಬೇಕು. ದಿಬ್ಬದ ಹತ್ತಿರ ನಿಲ್ಲುವುದೋ, ನಡೆಯುವುದೋ ಎಂದು ಹೊರುವವರು ನನ್ನನ್ನು ಕೇಳಿದರು. ಅದನ್ನು ಹೇಳುವವಳು ನಾನಲ್ಲ, ನನ್ನಕ್ಕ ಎಂದೆ. ನಡೆಯಲಿ ಎಂದು ನೀನು ಬರೆದರೆ ನಡೆಯುತ್ತಾರೆ, ನಾನು ಹಿಂದೆ ಸುಮ್ಮನೆ ಬರುತ್ತೇನೆ. ಫಲಕದ ವಿಷಯ ತಡವಾದರೂ ಪರವಾಗಿಲ್ಲ, ಇದೊಂದು ತಡಮಾಡಬೇಡ. ಕಾಗದ ತಂದ ಮೆಲೀತೊನ್ ನಿನ್ನ ಬಾಗಿಲಲ್ಲೇ ಕೂತಿರುತ್ತಾನೆ. ಅವನಿಗೆ ಒಂದು ಲೋಟ ಕಾಫಿ ಕೊಡು, ಅಂಚೆಗೆ ಹಾಕಬೇಡ, ಉತ್ತರವನ್ನು ಅವನೇ ತರಲಿ.