ಕೊನೆಯ ಅಂಗಡಿಯವಳು ಒಪ್ಪಲಿಲ್ಲ

ಜೂನ್ ೧೪, ಭಾನುವಾರ

ಮುದ್ದು ಮಗಳೇ,

ಹೇಗಿದ್ದೀಯ? ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಕೈತುಂಬ ಹೊಲಿಗೆಯಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. ಸಿಟ್ಟಿನಲ್ಲಿ ಕತ್ತರಿ ಹಿಡಿಯಬಾರದು ಅಂತ ನಿನಗೆ ಹೇಳಿಕೊಟ್ಟವಳು ನಾನೇ. ಪೆನ್ನಿಗೂ ಅದೇ ಮಾತು.

ಫೋನಿನಲ್ಲೇ ದುಡ್ಡು ಕೊಡಿಸುವ ನಿಮ್ಮ ವ್ಯಾಲೆಟ್ ಕಂಪನಿಯಿಂದ ಟೈ ಕಟ್ಟಿದ ಆಸಾಮಿಯೊಬ್ಬ ಬಂದಿದ್ದ. "ಅಮ್ಮಾ, ನಮ್ಮ ಸ್ಕ್ಯಾನ್ ಬೋರ್ಡ್ ಒಂದೇ ಇಟ್ಕೊಳ್ಳಿ, ಬೇರೆ ಕಂಪನಿಯವು ಎರಡೂ ಕಿತ್ತಾಕಿ. ವರ್ಷವಿಡೀ ಕಮಿಷನ್ ಇಲ್ಲ" ಅಂದ. "ವರ್ಷ ಆದ್ಮೇಲೆ?" ಅಂದೆ. "ಆಮೇಲೆ ನೋಡೋಣ ಬಿಡಿ" ಅಂದ. ನೋಡುವುದೇನು ಬಂತು? ಪಕ್ಕದ ಬೇಕರಿಯವನು ಹೀಗೇ ಒಪ್ಪಿದ್ದ. ಈಗ ಪ್ರತಿ ಬಿಲ್ಲಿಗೂ ಕಮಿಷನ್ ಕೀಳುತ್ತಾರೆ, ಅವನು ಬ್ರೆಡ್ಡಿನ ಬೆಲೆ ಏರಿಸಿದ್ದಾನೆ. ಮೂರು ಕಂಪನಿ ಕಿತ್ತಾಡುವಷ್ಟು ದಿನ ಜನಕ್ಕೆ ರಿಯಾಯಿತಿ. ಒಬ್ಬನೇ ಉಳಿದರೆ ಅವನು ಆಡಿದ್ದೇ ಆಟ.

ಎದುರಿನ ಆಸ್ಪತ್ರೆಯ ನರ್ಸ್ ಅವತ್ತೇ ಜಿಪ್ ಹಾಕಿಸಲು ಬಂದಿದ್ದಳು. ಅವಳ ಸಂಬಳ ಬೀಳುವುದು ಬೇರೆ ವ್ಯಾಲೆಟ್ಟಿಗೆ. "ನೀವೂ ಅದನ್ನ ತೆಗೆದ್ರೆ ನಾನೆಲ್ಲಿಗೆ ಹೋಗ್ಲಿ ಅಕ್ಕಾ? ಈ ಬೀದೀಲಿ ಇನ್ಯಾರೂ ತಗೊಳ್ಳಲ್ಲ" ಅಂದಳು. ಆ ಆಸಾಮಿ ತಂದ ಕರಾರಿಗೆ ನಾನು ಸಹಿ ಹಾಕಲಿಲ್ಲ. ಮೂರೂ ಬೋರ್ಡುಗಳನ್ನು ಒರೆಸಿ, ಹೊಲಿಗೆ ಮಿಷಿನ್ನಿನ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇನೆ.

ಬೀದಿಯಲ್ಲಿ ನಮ್ಮ ಅಂಗಡಿಯೊಂದೇ ಬಾಕಿ, ಅದೂ ಒಪ್ಪಿದರೆ ನಿನಗೆ ಬಡ್ತಿ ಸಿಗುತ್ತದೆ ಅಂತ ನೀನು ಬರೆದಿದ್ದೆ. ಕಂದಾ, ನಿನ್ನನ್ನು ಓದಿಸಲು ಈ ಮಿಷಿನ್ ತುಳಿದೆ, ಬೇಕಾದರೆ ಇನ್ನೂ ತುಳಿಯುತ್ತೇನೆ. ಆದರೆ ನಾನು ಜನರ ಜೇಬು ಹೊಲಿಯುವವಳು, ಕತ್ತರಿಸುವುದಕ್ಕೆ ನನ್ನ ಕೈ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಲೆಯೆತ್ತಿ ಬಾಳು.

ನಿನ್ನ ಅಮ್ಮ

ತಾ.ಕ.: ಆ ಆಸಾಮಿ ಹೊರಡುವಾಗ ಕೇಳಿದೆ, "ನಿಮ್ಮನ್ನ ಕಳಿಸಿದ್ಯಾರು?" ನಿನ್ನ ಹೆಸರು ಹೇಳಿದ. "ಅವರೇ ಯಾಕೆ ಬರ್ಲಿಲ್ಲ?" "ಮೇಡಂಗೆ ಪುರುಸೊತ್ತಿಲ್ಲ. ಹಿಂದೆ ಅವರ ಬಟ್ಟೆ ಹೊಲೀತಿದ್ದೋರ ಅಂಗಡಿ ಅಂತೆ, ಬೇಗ ಒಪ್ಕೋತಾರೆ ಅಂದಿದ್ರು." ಸೂಜಿ ಎಷ್ಟೋ ಸಲ ಬೆರಳಿಗೆ ಚುಚ್ಚಿದೆ, ಇಷ್ಟು ನೋವಾಗಿರಲಿಲ್ಲ. ಹೌದಪ್ಪ, ಅವಳ ಬಟ್ಟೆಯನ್ನೆಲ್ಲ ಹೊಲಿದವಳು ನಾನೇ ಅಂತ ಹೇಳಿ ಕಳಿಸಿದೆ. ಮುಂದಿನ ಸಲ ನೀನೇ ಬಾ. ಅವನ ಎದುರಿಗೇ ನನ್ನನ್ನು ಅಮ್ಮಾ ಅಂತ ಕರೆದು ಕೇಳು. ಆಗಲೂ ಸಹಿ ಹಾಕುವುದಿಲ್ಲ.