ಸೀಮಂತಕ್ಕೆ ಬೇಡವಾದ ಕೈ

ಲಗ್ಗೆರೆ,
೧೪ ನವೆಂಬರ್ ೨೦೨೪, ಗುರುವಾರ

ಮಗಳು ಲಾವಣ್ಯಳಿಗೆ ಅಮ್ಮನ ಆಶೀರ್ವಾದಗಳು.

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಸ ಹಾಳೆ ತೆಗೆದುಕೊಳ್ಳುವ ವ್ಯವಧಾನವಿಲ್ಲ, ಹಾಗೇ ಓದಿಕೋ. ಹೇಗಿದ್ದೀಯ? ಪಾದದ ಊತ ಇಳಿಯಿತೇ? ಕಬ್ಬಿಣದ ಮಾತ್ರೆಯನ್ನು ಯಾರಿಗೂ ಕಾಣದಂತೆ ಸಿಂಕಿಗೆ ಹಾಕಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ನಾನು ಗಟ್ಟಿಯಾಗಿದ್ದೇನೆ. ಮಂಡಿ ನೋವು ಇದ್ದೇ ಇದೆ, ಆದರೆ ಸಿಟ್ಟಿನಲ್ಲಿದ್ದಾಗ ಅದು ಗೊತ್ತಾಗುವುದಿಲ್ಲ. ಭಾನುವಾರ ನಿನ್ನ ಫೋನು ಬಂದಾಗಿನಿಂದ ಗೊತ್ತೇ ಆಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಎರಡನೇ ಮಾತಿಗೇ ನೀನು “ಮೀಟಿಂಗ್ ಇದೆ ಅಮ್ಮಾ” ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಏನಂದೆ ನೀನು? “ಸೀಮಂತದ ದಿನ ಸ್ವಲ್ಪ ಹಿಂದೆ ಕೂತ್ಕೊಂಬಿಡಮ್ಮಾ, ಆರತಿ ಹತ್ರ ಬರ್ಬೇಡ, ನಮ್ಮತ್ತೆ ಕಡೆಯವರು ಒಂಥರಾ.” ಸರಿ, ಅಲ್ಲಿಗೇ ನಿಲ್ಲಿಸಿದ್ದರೆ ನುಂಗಿಕೊಳ್ಳುತ್ತಿದ್ದೆ. ಗಂಡ ಸತ್ತವಳಿಗೆ ಇದೇನು ಹೊಸದೇ? ಅದೇ ಉಸಿರಿನಲ್ಲಿ “ಬಾಣಂತನಕ್ಕೆ ಮಾತ್ರ ಮೂರು ತಿಂಗಳು ಬಂದ್ಬಿಡು, ಆ ಬಿಟ್ಟಿ ಸೇವೆಯೆಲ್ಲ ಬಿಟ್ಬಿಡು” ಅಂದೆಯಲ್ಲ! ಹಸಿರು ಬಳೆ ತೊಡಿಸಲು ಈ ಕೈ ಆಗದು, ಹೇಲುಬಟ್ಟೆ ಒಗೆಯಲು ಆದೀತು. ಅದೂ ಸಾಲದೆಂದು ನೀನು ಸೇರಿಸಿದ್ದೇನು? “ಮನೆಗೆ ಮಾರಿ, ಊರಿಗೆ ಉಪಕಾರಿ.” ನಾಚಿಕೆಯಾಗಲಿಲ್ಲವೇನೇ? ಪೀಣ್ಯದ ಗಾರ್ಮೆಂಟ್ಸಿನಲ್ಲಿ ಮಿಷನ್ ತುಳಿದು ತುಳಿದು ಈ ಮಂಡಿ ಹೋದದ್ದು ಯಾವ ಊರಿನ ಉಪಕಾರಕ್ಕೆ?

ಆ ‘ಬಿಟ್ಟಿ ಸೇವೆ’ ಏನೆಂದು ನೀನು ಒಂದು ದಿನವೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ಬೀದಿಯ ರಿಟೈರ್ ಆದವರು ಕೆಲವರು ಸೇರಿಕೊಂಡು, ಮಾತಿಗೆ ಯಾರೂ ಇಲ್ಲದವರ ಮನೆಗೆ ಹೋಗಿ ಕೂತು ಬರುತ್ತೇವೆ. ಅಷ್ಟೇ ಕೆಲಸ. ಎಲ್ಲರನ್ನೂ ಸೇರಿಸಿದ ಮುರಳಿ ಸಾರ್ ಮೊದಲ ದಿನವೇ “ಬುದ್ಧಿ ಹೇಳ್ಬೇಡಿ ಅಂಜನಮ್ಮ, ಕೂತ್ರೆ ಸಾಕು” ಅಂದರು. ನನ್ನ ಬಾಯಿಗೆ ಅದೆಂಥ ಶಿಕ್ಷೆ ಎಂದು ನಿನಗೇ ಗೊತ್ತು. ನನಗೆ ಸಿಕ್ಕವಳು ಶಿವಗಂಗಾ, ಯಾದಗಿರಿ ಕಡೆಯ ಹುಡುಗಿ, ತುಂಬು ಬಸುರಿ. ಬೇರೆ ಜಾತಿಯ ಬಸಲಿಂಗನನ್ನು ಮದುವೆಯಾದಳೆಂದು ಎರಡೂ ಮನೆಯವರು ಬಾಗಿಲು ಹಾಕಿಕೊಂಡಿದ್ದಾರೆ. ಅವನು ಎಲೆಕ್ಟ್ರಾನಿಕ್ ಸಿಟಿ ಕಡೆ ಕಟ್ಟಡ ಕೆಲಸದಲ್ಲಿ ಅಲ್ಲೇ ಶೆಡ್ಡಿನಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಉಳಿದ ದಿನ ಒಂದು ರೂಮು, ಒಂದು ಸ್ಟೌವು, ಇವಳು. ಮೊದಮೊದಲು ನನ್ನನ್ನು ಓನರ್ ಕಡೆಯ ಬೇಹುಗಾರ್ತಿ ಎಂದುಕೊಂಡು ಕಿಟಕಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದಳು. ನಾನು ಮೆಟ್ಟಿಲ ಮೇಲೇ ಕೂತು ಬರುತ್ತಿದ್ದೆ. ಒಂದು ದಿನ ಬಿಸಿರೊಟ್ಟಿ ಹಿಡಿದು ಅವಳೇ ಬಾಗಿಲು ತೆಗೆದಳು.

ಅವರ ಕಡೆ ಸೀಮಂತಕ್ಕೆ ಕುಬುಸ ಅನ್ನುತ್ತಾರೆ, ತವರಿನವರು ಹಸಿರು ಸೀರೆ, ಖಣ ಅನ್ನುವ ರವಿಕೆ ಬಟ್ಟೆ, ಬಳೆ ತರಬೇಕು. ಇವಳಿಗೆ ಯಾರು ತರುತ್ತಾರೆ? ನಾನೇ ತೆಗೆದುಕೊಂಡು ಹೋದೆ. ಆದರೆ ನಾನೂ ನಿನ್ನ ಅತ್ತೆಯ ಕಾಲದವಳೇ ತಾನೇ? ವಿಧವೆ ಕೈಯಿಂದ ಬೇಡ ಎಂದು ಕೆಳಗಿನ ಮನೆಯ ರಾಮಮ್ಮನನ್ನು ಮುತ್ತೈದೆ ಅಂತ ಜೊತೆಗೆ ಕರೆದುಕೊಂಡು ಹೋಗಿ, ಬಳೆ ಅವಳ ಕೈಗೆ ಕೊಟ್ಟು, ನಾನು ಬಾಗಿಲ ಹೊರಗೆ ಚಪ್ಪಲಿಯ ಹತ್ತಿರ ನಿಂತೆ. ಶಿವಗಂಗಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ನನ್ನ ಕೂಡ ಕುಂತು ಎದ್ದಾಕಿ ನೀವು. ಈಗ ಇವರನ್ಯಾಕ ಮುಂದ ಮಾಡ್ತೀರಿ? ಬಳಿ ತೊಡಸೋದಾದ್ರ ನೀವ ತೊಡಸ್ರಿ, ಇಲ್ಲಾಂದ್ರ ತಗೊಂಡ ಹೋಗ್ರಿ” ಅಂದಳು. ನಾನು “ಅಪಶಕುನ ಕಣಮ್ಮಾ” ಅಂದೆ. “ಬಾಗಲಾ ಹಾಕಿದ್ರಲ್ಲ ನಮ್ಮನ್ಯಾಗ, ಅವರೆಲ್ಲಾ ಮುತ್ತೈದೇರ ಅದಾರ್ರೀ” ಅಂದಳು. ರಾಮಮ್ಮ ಬಳೆಯನ್ನು ನನ್ನ ಕೈಗೆ ತುರುಕಿ ಪಕ್ಕಕ್ಕೆ ಸರಿದಳು. ತೊಡಿಸುವಾಗ ಒಂದು ಬಳೆ ಒಡೆದೇ ಹೋಯಿತು. ಅವಳು ನಕ್ಕುಬಿಟ್ಟಳು. ನಾನು ಅತ್ತುಬಿಟ್ಟೆ, ಲಾವಣ್ಯ. ಸಂತೋಷಕ್ಕೆ ಎಂದುಕೊಳ್ಳಬೇಡ. ನಿನ್ನ ಮೇಲಿನ ಹೊಟ್ಟೆಯುರಿಗೆ ಅತ್ತದ್ದು. ಯಾರದೋ ಮಗಳು ಹೇಳಿದ ಮಾತು ನನ್ನ ಮಗಳ ಬಾಯಲ್ಲಿ ಬರಲಿಲ್ಲವಲ್ಲ ಎಂದು.

‘ಅತ್ತೆ ಕಡೆಯವರು’ ಎಂದು ಅವರ ಮೇಲೆ ಹಾಕಬೇಡ. ಅವರ ಬಾಯಿಗೆ ಹೆದರಿ ನನ್ನನ್ನು ಹಿಂದಕ್ಕೆ ತಳ್ಳಿದ್ದು ನೀನು. ಲೋಕೇಶನಾದರೂ ಒಂದು ಮಾತು ಆಡಬಹುದಿತ್ತು. ಬಿಡು, ಬಂಗಾರದಂಥ ಅಳಿಯ, ಮಾತು ಮಾತ್ರ ಗುಲಗಂಜಿಯಷ್ಟೂ ಇಲ್ಲ.

ಚೆನ್ನಾಗಿ ತಿನ್ನು, ಎಡಮಗ್ಗುಲಾಗಿ ಮಲಗು. ನೂರು ವರ್ಷ ಬಾಳು. ಕೋಪ ಎಷ್ಟಿದ್ದರೂ ಈ ಮಾತು ಸುಳ್ಳಲ್ಲ. ನಿನ್ನ ಅತ್ತೆಗೆ ನಮಸ್ಕಾರ ತಿಳಿಸಬೇಕಿಲ್ಲ.

ಇಂತಿ ನಿನ್ನ ಅಮ್ಮ,
ಅಂಜನಮ್ಮ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು: ನಿನಗೂ ಶಿವಗಂಗಾಳಿಗೂ ಸಂಕ್ರಾಂತಿಯ ಆಸುಪಾಸಿನಲ್ಲೇ ಹೆರಿಗೆ. ನನಗಿರುವುದು ಎರಡೇ ಕೈ. ಅವಳ ಬಾಣಂತನಕ್ಕೆ ಬರುತ್ತೇನೆಂದು ಮಾತು ಕೊಟ್ಟಾಗಿದೆ. ವರ್ತೂರಿನಲ್ಲಿ ನಿನಗೆ ಎಣ್ಣೆನೀರು ಹಾಕಲು ಮುತ್ತೈದೆಯರಿಗೇನು ಬರವೇ? ಇಪ್ಪತ್ನಾಲ್ಕನೇ ತಾರೀಖು ಸೀಮಂತಕ್ಕೆ ಬರುತ್ತೇನೆ, ನೀನು ಹೇಳಿದಂತೆ ಹಿಂದಿನ ಸಾಲಿನಲ್ಲೇ ಕೂರುತ್ತೇನೆ. ಎಲ್ಲರ ಮುಂದೆ ನೀನೇ ಎದ್ದು ನನ್ನ ಹತ್ತಿರ ಬಂದು ಬಳೆಗೆ ಕೈ ಚಾಚಿದರೆ, ಆ ಹುಡುಗಿಯನ್ನೂ ನಿನ್ನಲ್ಲಿಗೇ ಕರೆದುಕೊಂಡು ಬಂದು ನಿಮ್ಮಿಬ್ಬರ ಬಾಣಂತನವನ್ನೂ ಒಂದೇ ಮನೆಯಲ್ಲಿ ಮಾಡುತ್ತೇನೆ. ಬರದಿದ್ದರೆ ಊಟ ಮುಗಿಸಿ ಬಸ್ಸು ಹತ್ತುತ್ತೇನೆ. ಬಳೆ ತೊಟ್ಟ ದಿನ ಶಿವಗಂಗಾ ತನ್ನ ಹೊಟ್ಟೆಯ ಮೇಲೆ ನನ್ನ ಕೈ ಇಟ್ಟುಕೊಂಡಳು, ಮಗು ಒದ್ದಿತು. ನಿನ್ನ ಹೊಟ್ಟೆಯನ್ನು ನಾನಿನ್ನೂ ಮುಟ್ಟಿಲ್ಲ.